ಗಟ್ಟಿ ಎಂಜಿನ್ನೊಂದಿದ್ದರೆ ಸಾಲದು

ಡೀಸೆಲ್ ಎಂಜಿನ್ನು ಪೆಟ್ರೋಲ್ ಎಂಜಿನ್ನಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೊಲದ ಪಂಪ್‌ಸೆಟ್ಟು, ಛತ್ರದ ಜನರೇಟರು, ಮಂಡಿಗೆ ಸರಕು ತರುವ ಲಾರಿ ಎಲ್ಲವೂ ಅದಕ್ಕೆ ಸಾಕ್ಷಿ ನುಡಿಯುತ್ತವೆ. ಈ ನಂಬಿಕೆಯ ಬಲದ ಮೇಲೆಯೇ, ಹಳೆಯ ಬುಲೆಟ್ಟಿನ ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಅದೇ ಚಾಸಿಗೆ ಒಂಟಿ ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ನನ್ನು ಕೂರಿಸುವ ಕೆಲಸ ಹಿಂದೆ ದೇಶದ ಎಷ್ಟೋ ಊರುಗಳ ಗ್ಯಾರೇಜುಗಳಲ್ಲಿ ನಡೆಯಿತು. ಮುಂದೆ ಎನ್‌ಫೀಲ್ಡ್ ಕಂಪನಿಯೇ ಡೀಸೆಲ್ ಬುಲೆಟ್ಟನ್ನು ಮಾರುಕಟ್ಟೆಗೆ ತಂದಿತು. ಇಂದು ಆ ಗಾಡಿಗಳು ಕಣ್ಣಿಗೆ ಬೀಳುವುದೇ ಅಪರೂಪ. ಅದೇ ಕಾಲಘಟ್ಟದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಪುಸ್ತಕದ ಲೆಕ್ಕದಲ್ಲಿ ಡೀಸೆಲ್ಲಿನಷ್ಟು ಗಟ್ಟಿಯಲ್ಲದ ಎರಡು ಸ್ಟ್ರೋಕಿನ ಪೆಟ್ರೋಲ್ ಬೈಕು. ಅದರ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಬೈಕು ಇವತ್ತಿಗೂ ಈ ಊರಿನ ರಸ್ತೆಗಳಲ್ಲಿ ಓಡುತ್ತಿದೆ. ಗಟ್ಟಿ ಎಂಜಿನ್ನಿನ ಗಾಡಿ ಮರೆಯಾಗಿ, ಅಷ್ಟು ಗಟ್ಟಿಯಲ್ಲದ್ದು ಉಳಿದದ್ದು ಹೇಗೆ? ಗಾಡಿಯ ಬಾಳಿಕೆಯನ್ನು ಎಂಜಿನ್ನಿನ ಲೋಹಕ್ಕಿಂತ ಹೆಚ್ಚಾಗಿ ಅದರ ಸುತ್ತ ಇರುವ ಬಿಡಿಭಾಗಗಳ ಪೂರೈಕೆ, ಕೆಲಸ ಬಲ್ಲ ಕೈಗಳು ಮತ್ತು ದಾಖಲೆಗಳು ನಿರ್ಧರಿಸುತ್ತವೆ ಎಂಬುದು ನನ್ನ ವಾದ. ಪರಿವರ್ತಿತ ಡೀಸೆಲ್ ಬೈಕಿಗೆ ಈ ಮೂರರಲ್ಲಿ ಒಂದೂ ಸರಿಯಾಗಿ ದಕ್ಕಲಿಲ್ಲ.

ಮೊದಲು ಯಂತ್ರವನ್ನೇ ನೋಡೋಣ. ಕಂಪನಿಯ ಡೀಸೆಲ್ ಬುಲೆಟ್ಟಿನಲ್ಲಿದ್ದದ್ದು ಇಟಲಿಯ ಲೊಂಬಾರ್ಡಿನಿ ವಿನ್ಯಾಸದ, ನಮ್ಮ ದೇಶದಲ್ಲಿ ಗ್ರೀವ್ಸ್ ತಯಾರಿಸುತ್ತಿದ್ದ 325 ಸಿಸಿ ಎಂಜಿನ್ನು. ನಿಮಿಷಕ್ಕೆ 3,600 ಸುತ್ತಿನಲ್ಲಿ ಅದು ಕೊಡುತ್ತಿದ್ದ ಶಕ್ತಿ ಸುಮಾರು 6.5 ಅಶ್ವಶಕ್ತಿ. ಪೆಟ್ರೋಲಿನ 350 ಬುಲೆಟ್ಟು ಸುಮಾರು 18 ಅಶ್ವಶಕ್ತಿ ಕೊಡುತ್ತಿತ್ತು. ಇನ್ನೂರು ಕಿಲೋ ಹತ್ತಿರದ ಗಾಡಿ, ಮೇಲೆ ಇಬ್ಬರು ಸವಾರರು; ಈ ಭಾರವನ್ನೆಲ್ಲ ಎಳೆಯಲು ಮೂರನೇ ಒಂದು ಪಾಲು ಶಕ್ತಿ. ಇದರ ಪರಿಣಾಮ ವೇಗದ ಕೊರತೆಯಲ್ಲಿ ಮಾತ್ರ ಮುಗಿಯುವುದಿಲ್ಲ. ಪೆಟ್ರೋಲ್ ಬುಲೆಟ್ಟು 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಡೀಸೆಲ್ ಬುಲೆಟ್ಟು ಅದೇ ವೇಗದಲ್ಲಿ ತನ್ನ ಮಿತಿಯ ಹತ್ತಿರವೇ ದುಡಿಯುತ್ತಿರುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಕೆಳಗಿನ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಹತ್ತಿಸುವುದು ಅನಿವಾರ್ಯವಾಗುತ್ತದೆ. ಪಂಪ್‌ಸೆಟ್ಟಿನಲ್ಲಿ ಇಂಥ ಎಂಜಿನ್ನು ಬಹುಕಾಲ ಬಾಳುವುದು ಅಲ್ಲಿನ ಹೊರೆ ಸಮನಾಗಿರುವುದರಿಂದ. ಗವರ್ನರ್ ಸುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿರುತ್ತದೆ, ಬಿಸಿ ಒಂದು ಹದದಲ್ಲಿ ನಿಲ್ಲುತ್ತದೆ. ನಗರದ ರಸ್ತೆಯಲ್ಲಿ ಸಿಗ್ನಲ್ಲಿಗೊಮ್ಮೆ ನಿಂತು, ಮತ್ತೆ ಎಳೆದು, ಗೇರು ಬದಲಿಸಿ, ಉಬ್ಬು ಹಾರಿ ಸಾಗುವಾಗ ಅದಕ್ಕೆ ಈ ಅನುಕೂಲ ಯಾವುದೂ ಇಲ್ಲ. ಗಾಣದ ಎತ್ತನ್ನು ಬಿಚ್ಚಿ ಗಾಡಿ ಓಟಕ್ಕೆ ಕಟ್ಟಿದರೆ ಎತ್ತಿನ ಬಲವನ್ನು ದೂರುವಂತಿಲ್ಲ; ಕೆಲಸದ ಸ್ವರೂಪವೇ ಬೇರೆಯಾಗಿರುತ್ತದೆ.

ಡೀಸೆಲ್ಲಿನ ಎಳೆತಕ್ಕೆ ಬುಲೆಟ್ಟಿನ ಗೇರ್‌ಬಾಕ್ಸು ಸೋಲುತ್ತದೆ ಎಂದು ಹಲವರು ವಿವರಣೆ ಕೊಡುತ್ತಾರೆ. ಅಂಕಿಗಳನ್ನು ನೋಡಿದರೆ ಇದು ಪೂರ್ತಿ ಸರಿಯಲ್ಲ. 3,600 ಸುತ್ತಿನಲ್ಲಿ 6.5 ಅಶ್ವಶಕ್ತಿ ಎಂದರೆ ಸರಾಸರಿ ತಿರುಚು ಬಲ ಪೆಟ್ರೋಲ್ ಬುಲೆಟ್ಟಿನದಕ್ಕಿಂತ ಕಡಿಮೆಯೇ. ತೊಂದರೆ ಇರುವುದು ಆ ಬಲ ಬರುವ ರೀತಿಯಲ್ಲಿ. ಪೆಟ್ರೋಲ್ ಬುಲೆಟ್ಟಿನ ಕಂಪ್ರೆಷನ್ ಏಳರ ಆಸುಪಾಸು. ಸ್ಪಾರ್ಕ್ ಪ್ಲಗ್ಗಿಲ್ಲದೆ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕಾದ ಡೀಸೆಲ್ಲಿನಲ್ಲಿ ಅದು ಇದರ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಒಂದೇ ಸಿಲಿಂಡರು ಕಡಿಮೆ ಸುತ್ತಿನಲ್ಲಿ ಪ್ರತಿ ಸಲ ಹೊತ್ತಿದಾಗಲೂ ಪ್ರೈಮರಿ ಚೈನಿಗೆ, ಕ್ಲಚ್ ಪ್ಲೇಟಿಗೆ, ಎಂಜಿನ್ ಹಿಡಿದಿರುವ ಬೋಲ್ಟುಗಳಿಗೆ ಗುದ್ದಿದಂತೆ ಹೊಡೆತ ಬೀಳುತ್ತದೆ. ಬೋಲ್ಟು ಸಡಿಲವಾಗುವುದು, ಮೌಂಟಿಂಗ್ ಪ್ಲೇಟಿನ ವೆಲ್ಡಿಂಗು ಬಿರುಕು ಬಿಡುವುದು, ಮಡ್‌ಗಾರ್ಡಿನ ಕಂಬಿ ತುಂಡಾಗುವುದು, ಬಲ್ಬು ಪದೇ ಪದೇ ಸುಡುವುದು ಎಲ್ಲವೂ ಈ ನಡುಕದ ಫಲ. ಬಿಸಿಯದು ಇನ್ನೊಂದು ಸಮಸ್ಯೆ. ನಿಂತಲ್ಲೇ ನಡೆಯುವ ಏರ್‌ಕೂಲ್ಡ್ ಎಂಜಿನ್ನಿಗೆ ಫ್ಲೈವೀಲಿನ ಫ್ಯಾನು ಗಾಳಿ ಊದುತ್ತದೆ, ತಗಡಿನ ಕವಚ ಆ ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುತ್ತದೆ. ಬೈಕಿನ ಚಾಸಿಯಲ್ಲಿ ಜಾಗ ಸಾಲದೆ ಈ ಕವಚವನ್ನು ಕಿತ್ತುಹಾಕಿದರೆ, ಸಂಜೆ ದಟ್ಟಣೆಯಲ್ಲಿ ಸಯ್ಯಾಜಿ ರಾವ್ ರಸ್ತೆಯಲ್ಲಿ ನಿಂತ ಗಾಡಿಗೆ ಓಟದ ಗಾಳಿಯೂ ಇಲ್ಲ, ಫ್ಯಾನಿನ ಗಾಳಿಯೂ ಇಲ್ಲ. ಹೆಡ್ ಗ್ಯಾಸ್ಕೆಟ್ಟು ಮತ್ತು ಪಿಸ್ಟನ್ ರಿಂಗು ಮೊದಲು ಸೋಲುವುದಕ್ಕೆ ಕಾರಣ ಅಲ್ಲಿದೆ.

ಆದರೂ ಇವೆಲ್ಲ ರಿಪೇರಿಗೆ ಬಗ್ಗುವ ದೋಷಗಳು. ಬಿರುಕನ್ನು ಬೆಸೆಯಬಹುದು, ರಿಂಗು ಬದಲಿಸಬಹುದು. ಗಾಡಿ ಮೂಲೆ ಸೇರುವುದು ರಿಪೇರಿಗೆ ತಕ್ಕ ಕೈ ಸಿಗದಿದ್ದಾಗ. ಡೀಸೆಲ್ ಎಂಜಿನ್ನಿನ ಜೀವ ಇರುವುದು ಇಂಜೆಕ್ಷನ್ ಪಂಪು ಮತ್ತು ನಾಜಲ್ಲಿನಲ್ಲಿ. ಪಂಪಿನ ಎಲಿಮೆಂಟಿನೊಳಗೆ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಅಂತರ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ. ಇಂಧನದೊಂದಿಗೆ ನೀರೋ ಧೂಳೋ ಒಳಹೊಕ್ಕರೆ ಸಾಕು, ಆ ನುಣುಪು ಹಾಳಾಗುತ್ತದೆ. ನಾಜಲ್ಲು ಇಂಧನವನ್ನು ಮಂಜಿನಂತೆ ಚಿಮ್ಮಿಸದೆ ಹನಿಯಾಗಿ ಬಿಟ್ಟರೆ ಕಪ್ಪು ಹೊಗೆ, ಕಾರ್ಬನ್, ಪಿಸ್ಟನ್ ತಲೆಯ ಮೇಲೆ ಸುಟ್ಟ ಗಾಯ. ಇದನ್ನು ಪರೀಕ್ಷಿಸಲು ಟೆಸ್ಟ್ ಬೆಂಚು ಬೇಕು, ಅದು ಇರುವುದು ಲಾರಿ, ಟ್ರ್ಯಾಕ್ಟರುಗಳ ಪಂಪು ಸರಿಮಾಡುವ ಅಂಗಡಿಯಲ್ಲಿ. ಬೈಕ್ ಮೆಕ್ಯಾನಿಕ್ಕಿಗೆ ಕ್ಲಚ್ಚು, ಗೇರು, ಚೈನು ಗೊತ್ತು. ನಾಜಲ್ಲಿನ ಒತ್ತಡವನ್ನು ಅಳೆಯುವ ಸಾಧನ ಅವನಲ್ಲಿಲ್ಲ. ಪಂಪ್ ಅಂಗಡಿಯವನಿಗೆ ನಾಜಲ್ಲು ಗೊತ್ತು. ಬುಲೆಟ್ಟಿನ ಪ್ರೈಮರಿ ಚೈನು ಎಷ್ಟು ಬಿಗಿ ಇರಬೇಕೆಂಬುದು ಅವನ ಕಸುಬಲ್ಲ. ಪರಿವರ್ತಿತ ಗಾಡಿ ಈ ಎರಡು ಕಸುಬುಗಳ ನಡುವಿನ ಬಿರುಕಿನಲ್ಲಿ ಬೀಳುತ್ತದೆ. ಒಬ್ಬರು ಸರಿಮಾಡಿದ್ದನ್ನು ಇನ್ನೊಬ್ಬರು ನೋಡುವುದಿಲ್ಲ, ಇಡೀ ಗಾಡಿಗೆ ಹೊಣೆಗಾರರು ಯಾರೂ ಇಲ್ಲ.

ಈಗ ಯೆಜ್ಡಿಯ ಕಡೆ ತಿರುಗೋಣ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿಯವರ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿಯಡಿ ತಯಾರಿಸಲು ಮೈಸೂರಿನಲ್ಲಿ ಕಾರ್ಖಾನೆ ತೆರೆಯಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರಿನ ಜಾಗಕ್ಕೆ ಯೆಜ್ಡಿ ಬಂತು, ಆ ದಶಕದ ಕೊನೆಗೆ ರೋಡ್‌ಕಿಂಗ್ ಬಂತು. ಮೂರೂವರೆ ದಶಕ ಒಂದೇ ಊರಿನಲ್ಲಿ, ಮೂಲ ವಿನ್ಯಾಸ ಹೆಚ್ಚು ಬದಲಾಗದೆ, ಒಂದೇ ಅಳತೆಯ ಭಾಗಗಳು ತಯಾರಾದವು. ಎಂಜಿನ್ನಿನ ರಚನೆಯೂ ಸರಳ: ವಾಲ್ವಿಲ್ಲ, ಟ್ಯಾಪೆಟ್ಟಿಲ್ಲ, ಕಿಕ್ಕರಿನ ಲಿವರೇ ಗೇರಿನ ಲಿವರು. ಕಾರ್ಖಾನೆಯಲ್ಲಿ ದುಡಿದವರು, ಡೀಲರುಗಳ ಬಳಿ ಕೆಲಸ ಕಲಿತವರು, ಅವರ ಕೈಕೆಳಗೆ ಪಳಗಿದ ಹುಡುಗರು ಇದೇ ಊರಿನಲ್ಲಿ ಉಳಿದರು. ಕಾರ್ಖಾನೆ ಮುಚ್ಚಿದರೂ ಅವರ ಕೈಯಲ್ಲಿದ್ದ ವಿದ್ಯೆ ಮುಚ್ಚಿಹೋಗಲಿಲ್ಲ. ಎಲ್ಲ ಗಾಡಿಗಳೂ ಒಂದೇ ಅಳತೆಯವಾದ್ದರಿಂದ ಒಂದು ಹಳೆಯ ಗಾಡಿಯ ಭಾಗ ಇನ್ನೊಂದಕ್ಕೆ ಕೂರುತ್ತದೆ. ಪಿಸ್ಟನ್ನೋ ಕ್ಲಚ್ ಪ್ಲೇಟೋ ಹೊಸದಾಗಿ ಮಾಡಿಸುವವನಿಗೆ ಗಿರಾಕಿಗಳು ಸಿಗುತ್ತಾರೆ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಆಚರಿಸುವವರ ಪ್ರೀತಿ ಕಣ್ಣಿಗೆ ಕಾಣುತ್ತದೆ. ಆ ಪ್ರೀತಿಗೆ ಊರುಗೋಲಾಗಿ ನಿಂತಿರುವುದು ಈ ಏಕರೂಪತೆ ಮತ್ತು ಈ ಕಸುಬು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಯೆಜ್ಡಿಯನ್ನು ಉಳಿಸಿರುವುದು ಹವ್ಯಾಸಿಗಳ ವ್ಯಾಮೋಹ. ಹಣ ಸುರಿದರೆ ಯಾವ ಗಾಡಿಯನ್ನಾದರೂ ಓಡಿಸಬಹುದು. ಉಳಿದವನ್ನು ಮಾತ್ರ ಎಣಿಸಿ ಗುಜರಿ ಸೇರಿದ ಸಾವಿರಾರನ್ನು ಮರೆತರೆ ಲೆಕ್ಕ ತಪ್ಪುತ್ತದೆ ಎಂದು ಯಾರಾದರೂ ಹೇಳಬಹುದು. ಗುಜರಿ ಸೇರಿದವು ಬಹಳ ಎಂಬುದು ಸತ್ಯ, ಉಳಿದ ಗಾಡಿಗಳಿಂದ ಎಲ್ಲ ಯೆಜ್ಡಿಗಳೂ ಬಾಳಿಕೆ ಬಂದವು ಎಂದು ಸಾಧಿಸಲಾಗದು. ಆದರೆ ವ್ಯಾಮೋಹ ಡೀಸೆಲ್ ಬುಲೆಟ್ಟಿಗೂ ಇತ್ತು, ಇವತ್ತಿಗೂ ಅದನ್ನು ಹುಡುಕಿ ಕೊಳ್ಳುವವರಿದ್ದಾರೆ. ವ್ಯತ್ಯಾಸ ಇರುವುದು ಪ್ರೀತಿ ಕೆಲಸವಾಗಿ ಮಾರ್ಪಡುವ ದಾರಿಯಲ್ಲಿ. ಗ್ಯಾರೇಜಿನಲ್ಲಿ ಪರಿವರ್ತಿಸಿದ ಗಾಡಿಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದರ ಮೌಂಟಿಂಗ್ ಪ್ಲೇಟು ಒಂದು ದಪ್ಪ, ಇನ್ನೊಂದರದು ಇನ್ನೊಂದು. ಸ್ಪ್ರಾಕೆಟ್ಟಿನ ಹಲ್ಲುಗಳ ಸಂಖ್ಯೆ ಬೇರೆ, ಚೈನಿನ ಸಾಲು ಬೇರೆ. ಲೇತಿನಲ್ಲಿ ತಿರುವಿ ಕೊಟ್ಟವನ ನೆನಪಿನಲ್ಲಿ ಮಾತ್ರ ಆ ಅಳತೆ ಇರುತ್ತದೆ. ಅವನು ಅಂಗಡಿ ಮುಚ್ಚಿದ ದಿನ ಆ ಗಾಡಿಯ ಕಾರ್ಖಾನೆಯೇ ಮುಚ್ಚಿದಂತೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಅಮೆರಿಕದ ಮರೀನ್ ಪಡೆ ಕವಾಸಾಕಿ ಬೈಕಿನ ಆಧಾರದ ಮೇಲೆ ರೂಪಿಸಿದ ಡೀಸೆಲ್ ಬೈಕನ್ನು ಬಳಸಿತು. ಸೇನೆಯ ಉಳಿದ ವಾಹನಗಳ ಇಂಧನವೇ ಬೈಕಿಗೂ ಆಗಬೇಕೆಂಬುದು ಅದರ ಉದ್ದೇಶ. ಅದು ಕೂಡ ಪರಿವರ್ತನೆಯೇ. ಆದರೆ ಅದರ ಹಿಂದೆ ಬೈಕಿಗೆಂದೇ ರೂಪಿಸಿದ ಎಂಜಿನ್ನು, ಒಂದೇ ನಮೂನೆಯ ಗಾಡಿಗಳು, ಬಿಡಿಭಾಗದ ಗೋದಾಮು, ತರಬೇತಿ ಪಡೆದ ಮೆಕ್ಯಾನಿಕ್ಕುಗಳು ಇದ್ದರು. ಪರಿವರ್ತನೆ ಎಂಬುದೇ ಕೆಟ್ಟದ್ದಲ್ಲ, ಬೆನ್ನ ಹಿಂದೆ ವ್ಯವಸ್ಥೆಯಿಲ್ಲದ ಪರಿವರ್ತನೆ ಬಾಳುವುದಿಲ್ಲ ಎಂಬುದನ್ನು ಅದು ತೋರಿಸುತ್ತದೆ.

ಉಳಿತಾಯದ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಅಂಕಿಗಳಿಂದಲೇ ಪರಿಶೀಲಿಸಬೇಕು. ಪೆಟ್ರೋಲಿನ ಬೆಲೆಯನ್ನು 2010ರಲ್ಲಿ ಸರ್ಕಾರದ ಹಿಡಿತದಿಂದ ಬಿಟ್ಟು, ಡೀಸೆಲ್ಲಿನ ಬೆಲೆಯನ್ನು 2014ರ ಅಕ್ಟೋಬರಿನವರೆಗೆ ಹಿಡಿದಿಟ್ಟ ಕಾಲವೊಂದಿತ್ತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಎರಡರ ನಡುವಿನ ಅಂತರ ಲೀಟರಿಗೆ 30 ರೂಪಾಯಿಗೂ ಹೆಚ್ಚಿತ್ತು. 2025ರಲ್ಲಿ ಕರ್ನಾಟಕದಲ್ಲಿ ಆ ಅಂತರ ಸುಮಾರು 12 ರೂಪಾಯಿ ಇತ್ತು. ಪೆಟ್ರೋಲಿಗೆ 103, ಡೀಸೆಲ್ಲಿಗೆ 91 ರೂಪಾಯಿ ಎಂದಿಟ್ಟುಕೊಂಡು, ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರ ಲೆಕ್ಕ ಹಾಕೋಣ. ಲೀಟರಿಗೆ 35 ಕಿಲೋಮೀಟರ್ ಕೊಡುವ ಪೆಟ್ರೋಲ್ ಬುಲೆಟ್ಟಿಗೆ ಸುಮಾರು 29,400 ರೂಪಾಯಿ ಬೇಕು. 70 ಕೊಡುವ ಡೀಸೆಲ್ ಬುಲೆಟ್ಟಿಗೆ 13,000 ಸಾಕು. ಹದಿನಾರು ಸಾವಿರದ ಉಳಿತಾಯ ದೊಡ್ಡದೇ. ಆದರೆ ಇಂಧನದ ಖರ್ಚಿಗೆ ಅಂಜುವವರ ಮುಂದೆ ಪೆಟ್ರೋಲ್ ಬುಲೆಟ್ಟೊಂದೇ ಆಯ್ಕೆಯಾಗಿಲ್ಲ. ಲೀಟರಿಗೆ 60 ಕೊಡುವ ಸಾಧಾರಣ 110 ಸಿಸಿ ಬೈಕಿಗೆ ಸುಮಾರು 17,200 ರೂಪಾಯಿ ಸಾಕು. ಅದಕ್ಕೆ ಹೋಲಿಸಿದರೆ ಡೀಸೆಲ್ಲಿನ ಉಳಿತಾಯ ತಿಂಗಳಿಗೆ 350 ರೂಪಾಯಿ ಮಾತ್ರ. ಪಂಪಿನ ಎಲಿಮೆಂಟೋ ಹೆಡ್ಡಿನ ಕೆಲಸವೋ ಒಂದು ಸಲ ಬಂದರೆ ತಿಂಗಳುಗಟ್ಟಲೆ ಉಳಿಸಿದ್ದು ಅಲ್ಲಿಗೇ ಸರಿ. ಕೂಲಿ ಕಳೆದುಕೊಂಡು ಗ್ಯಾರೇಜಿನ ಮುಂದೆ ಕಾಯುವ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

ಡೀಸೆಲ್ ಎಂಜಿನ್ನು ಹೊಂಗೆ ಎಣ್ಣೆಯಂಥ ನಾಡಿನ ಇಂಧನಕ್ಕೂ ಒಗ್ಗುತ್ತದೆ, ಆದ್ದರಿಂದ ಅದನ್ನು ಬಿಡಬಾರದು ಎಂಬ ಮಾತೂ ಕೇಳಿಬರುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಗೌರವದ ಪರಂಪರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರು ನಡೆಸಿ ಊರಿಗೆ ನೀರೆತ್ತಿ ತೋರಿಸಿದರು. ಆದರೆ ಆ ಪ್ರಯೋಗ ಗೆದ್ದದ್ದು ಎಂಥ ಯಂತ್ರದಲ್ಲಿ ಎಂಬುದನ್ನು ಗಮನಿಸಬೇಕು. ಅದು ನಿಂತಲ್ಲೇ, ಸಮನಾದ ಹೊರೆಯಲ್ಲಿ, ನೋಡಿಕೊಳ್ಳುವವರ ಕಣ್ಣೆದುರು ನಡೆಯುವ ಎಂಜಿನ್ನು. ಗಟ್ಟಿಯಾದ ಎಣ್ಣೆಯನ್ನು ಸಂಸ್ಕರಿಸದೆ ಸಣ್ಣ ಎಂಜಿನ್ನಿಗೆ ಹಾಕಿ, ನಿಂತು ನಡೆದು ಓಡಿಸಿದರೆ ತಣ್ಣಗಿನ ಸಿಲಿಂಡರಿನಲ್ಲಿ ಅದು ಪೂರ್ತಿ ಉರಿಯದೆ ನಾಜಲ್ಲಿನ ತುದಿಯಲ್ಲಿ ಕಿಟ್ಟ ಕಟ್ಟುತ್ತದೆ, ರಿಂಗುಗಳನ್ನು ಅಂಟಿಸುತ್ತದೆ. ಕಗ್ಗನಹಳ್ಳಿಯ ಪಾಠವೂ ನಮ್ಮ ವಾದದ ಕಡೆಗೇ ಬರುತ್ತದೆ: ಎಂಜಿನ್ನಿಗೆ ಒಪ್ಪುವ ಕೆಲಸ ಕೊಟ್ಟು, ನೋಡಿಕೊಳ್ಳುವ ಜನರನ್ನು ಜೊತೆಗಿಟ್ಟರೆ ಅದು ಬಾಳುತ್ತದೆ.

ಮೂರನೆಯದು ದಾಖಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇಂಧನ ಬದಲಿಸುವ ಕಿಟ್ಟಿಗೆ ಅವಕಾಶವಿದೆ, ಆದರೆ ನಿಯಮಗಳು ವಿಧಿಸುವ ಷರತ್ತುಗಳಿಗೆ ಒಳಪಟ್ಟು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿ, ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡವನ್ನು, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಹದಿನೈದು ವರ್ಷ ದಾಟಿದ ಗಾಡಿ ನೋಂದಣಿ ನವೀಕರಣಕ್ಕೆ ಮೈಸೂರು ಪಶ್ಚಿಮ ಅಥವಾ ಪೂರ್ವದ ಆರ್‌ಟಿಒ ಕಚೇರಿಗೆ ಬಂದಾಗ ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು, ಚಾಸಿಯಲ್ಲಿ ಡೀಸೆಲ್ ಎಂಜಿನ್ನು ಕೂತಿದ್ದರೆ ಆ ಗಾಡಿಯ ಬಾಳು ಕಾಗದದ ಮೇಲೇ ಮುಗಿಯುತ್ತದೆ. ಅಪಘಾತವಾದರೆ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಇದು ಬಡವರ ಜಾಣ್ಮೆಯನ್ನು ಶಿಕ್ಷಿಸುವ ಕಾನೂನು ಎಂಬ ಸಿಟ್ಟಿನಲ್ಲಿ ಅರ್ಥವಿದೆ. ಕೈಗೆಟಕುವ ಶುಲ್ಕದಲ್ಲಿ ಪರೀಕ್ಷೆ, ಪ್ರಮಾಣಪತ್ರ ಸಿಗುವ ದಾರಿ ಇರಬೇಕಿತ್ತು. ಆದರೆ ಬ್ರೇಕು, ಚಾಸಿ, ತೂಕದ ಹಂಚಿಕೆ ಯಾವುದನ್ನೂ ಯಾರೂ ಪರೀಕ್ಷಿಸದ ಗಾಡಿಯ ಅಪಾಯ ಮಾಲೀಕರೊಬ್ಬರದೇ ಆಗಿ ಉಳಿಯುವುದಿಲ್ಲ, ಹಿಂದೆ ಕೂತವರದೂ ಎದುರು ಬಂದವರದೂ ಆಗುತ್ತದೆ. ಹೊಗೆಯೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಸಿಗ್ನಲ್ಲಿನಲ್ಲಿ ಹಿಂದೆ ನಿಂತ ಸವಾರರ ಮೂಗಿನ ಮಟ್ಟಕ್ಕೇ ಆ ಹೊಗೆ ಬರುತ್ತದೆ.

ಹಾಗಾದರೆ ಈಗಾಗಲೇ ಡೀಸೆಲ್ ಬೈಕು ಇರುವವರು, ಅದರಲ್ಲೂ ಕಂಪನಿಯಿಂದಲೇ ಬಂದ ಡೀಸೆಲ್ ಬುಲೆಟ್ಟಿನ ಮಾಲೀಕರು, ಏನು ಮಾಡಬೇಕು? ದಾಖಲೆ ಸರಿಯಿರುವ ಗಾಡಿಯನ್ನು ಉಳಿಸಿಕೊಳ್ಳಲು ಸಾಧ್ಯವಿದೆ, ಆದರೆ ಬೈಕ್ ನೋಡಿಕೊಳ್ಳುವ ರೂಢಿಯನ್ನು ಬಿಟ್ಟು ಎಂಜಿನ್ನು ನೋಡಿಕೊಳ್ಳುವ ಶಿಸ್ತಿಗೆ ಬರಬೇಕು. ಕಿಲೋಮೀಟರಿನ ಬದಲು ಓಡಿದ ಗಂಟೆಗಳನ್ನು ಎಣಿಸಬೇಕು. ನಗರದ ಸರಾಸರಿ ವೇಗ ಗಂಟೆಗೆ 25 ಕಿಲೋಮೀಟರ್ ಎಂದಿಟ್ಟುಕೊಂಡರೆ ನೂರು ಗಂಟೆಗೆ 2,500 ಕಿಲೋಮೀಟರ್. ಅಷ್ಟರೊಳಗೆ ಎಂಜಿನ್ ಆಯಿಲ್ ಬದಲಾಗಬೇಕು. ಡೀಸೆಲ್ಲಿನ ಮಸಿ ಎಣ್ಣೆಗೆ ಬೇಗ ಇಳಿಯುತ್ತದೆ, ಆದ್ದರಿಂದ ಡೀಸೆಲ್ ದರ್ಜೆಯ ಎಣ್ಣೆಯೇ ಬೇಕು. ಡೀಸೆಲ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಮಳೆಗಾಲದಲ್ಲಿ ಟ್ಯಾಂಕಿನ ತಳದ ನೀರನ್ನು ಇಳಿಸಬೇಕು. ಏರ್ ಫಿಲ್ಟರನ್ನು ಕಡೆಗಣಿಸಿದರೆ ಧೂಳು ರಿಂಗನ್ನೂ ಬೋರನ್ನೂ ಒಟ್ಟಿಗೇ ಸವೆಸುತ್ತದೆ. ಟ್ಯಾಪೆಟ್ಟಿನ ಅಂತರವನ್ನು ತಣ್ಣಗಿರುವಾಗ ನೋಡಬೇಕು, ಹೆಡ್ಡಿನ ಬೋಲ್ಟುಗಳನ್ನು ಅಳತೆಯ ಸ್ಪ್ಯಾನರಿನಲ್ಲೇ ಬಿಗಿಯಬೇಕು, ವರ್ಷಕ್ಕೊಮ್ಮೆಯಾದರೂ ನಾಜಲ್ಲನ್ನು ಪಂಪ್ ಅಂಗಡಿಯ ಬೆಂಚಿನ ಮೇಲೆ ಪರೀಕ್ಷಿಸಬೇಕು. ಚಾಸಿಯನ್ನು ತೊಳೆದು ಒಣಗಿಸಿ ಪ್ರತಿ ಬೆಸುಗೆಯ ಅಂಚನ್ನು ಕಣ್ಣಿಟ್ಟು ನೋಡಬೇಕು; ಬಣ್ಣದಲ್ಲಿ ಕೂದಲಿನಂಥ ಗೆರೆ ಕಂಡರೆ ಅದು ಬಿರುಕಿನ ಆರಂಭ. ಇನ್ನೊಂದು ಎಚ್ಚರಿಕೆ ಮುಖ್ಯ. ರಿಂಗು ಸವೆದ ಡೀಸೆಲ್ ಎಂಜಿನ್ನು ಕೆಲವೊಮ್ಮೆ ತನ್ನದೇ ಆಯಿಲನ್ನು ಎಳೆದುಕೊಂಡು ಉರಿಸಿ, ಇಂಧನ ನಿಲ್ಲಿಸಿದರೂ ನಿಲ್ಲದೆ ಸುತ್ತು ಏರಿಸಿಕೊಳ್ಳುತ್ತದೆ. ಆಗ ಅದರ ಗಾಳಿಯ ದಾರಿ ಮುಚ್ಚುವುದು ಅಥವಾ ಡಿಕಂಪ್ರೆಸರ್ ಎತ್ತುವುದು ಹೇಗೆಂದು ಸವಾರರಿಗೆ ಮೊದಲೇ ತಿಳಿದಿರಬೇಕು. ಮಾಡಿದ ಪ್ರತಿ ಕೆಲಸವನ್ನೂ, ಹಾಕಿದ ಭಾಗದ ಅಳತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕಾರ್ಖಾನೆ ಕೊಡದ ಮ್ಯಾನ್ಯುಯಲ್ಲನ್ನು ಮಾಲೀಕರೇ ಬರೆಯುವ ಕೆಲಸ ಅದು.

ಈ ಕೆಲಸವನ್ನು ಮಾಲೀಕರೊಬ್ಬರ ತಲೆಗೇ ಹೊರಿಸುವುದು ನ್ಯಾಯವಲ್ಲ. ಮೈಸೂರಿಗೆ ಇದಕ್ಕೆ ಬೇಕಾದ ಸಂಪತ್ತು ಬೇರೆ ಊರುಗಳಿಗಿಂತ ಹೆಚ್ಚಿದೆ. 1946ರಿಂದ ಎನ್‌ಐಇ, 1963ರಿಂದ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜುಗಳು, ಜೊತೆಗೆ ಸಿಪಿಸಿ ಪಾಲಿಟೆಕ್ನಿಕ್ ಎಂಜಿನಿಯರುಗಳನ್ನೂ ತಂತ್ರಜ್ಞರನ್ನೂ ತಯಾರಿಸುತ್ತಿವೆ. ಬಿಇಎಂಎಲ್ ಇಲ್ಲಿ ಭಾರಿ ಯಂತ್ರಗಳ ಡೀಸೆಲ್ ಎಂಜಿನ್ನುಗಳನ್ನು ಕಟ್ಟುತ್ತದೆ, ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ದ್ವಿಚಕ್ರ ವಾಹನ ತಯಾರಿಸುತ್ತದೆ. ಹಳೆಯ ಮೆಕ್ಯಾನಿಕ್ಕುಗಳ ಕೈಯಲ್ಲಿರುವ ಅಳತೆಗಳನ್ನು, ಅವರು ಕಂಡುಕೊಂಡ ಪರಿಹಾರಗಳನ್ನು ಬರೆಸಿಟ್ಟುಕೊಂಡು, ನಡುಕ, ಬಿಸಿ, ಹೊಗೆಗಳನ್ನು ಅಳೆದು ಪ್ರಕಟಿಸುವ ಕೆಲಸವನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಿನ ಮಟ್ಟದಲ್ಲೇ ಶುರುಮಾಡಬಹುದು. ಯೆಜ್ಡಿಯ ಕಸುಬನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಇದು ಆಗಬೇಕು.

ಡೀಸೆಲ್ ಪರಿವರ್ತನೆಯ ಕಾಲ ಮುಗಿದಿದೆ, ಹೊಸದಾಗಿ ಯಾರೂ ಅದಕ್ಕೆ ಕೈಹಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪರಿವರ್ತನೆಯ ಆಸೆ ಮಾತ್ರ ಮುಗಿದಿಲ್ಲ. ಇಂದು ಹಳೆಯ ಬೈಕಿನಿಂದ ಎಂಜಿನ್ನು ಇಳಿಸಿ ಬ್ಯಾಟರಿ, ಮೋಟಾರು ಕೂರಿಸುವ ಕಿಟ್ಟುಗಳ ಮಾತು ನಡೆಯುತ್ತಿದೆ. ಮೋಟಾರಿನ ಬಾಳಿಕೆ ಅಪಾರ ಎಂದು ಮಾರುವವರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಡೀಸೆಲ್ಲಿನ ಬಗ್ಗೆಯೂ ಅಂದು ಅದೇ ಮಾತು ಹೇಳಿದ್ದರು, ಅದೂ ಸುಳ್ಳಾಗಿರಲಿಲ್ಲ. ಆದ್ದರಿಂದ ಕಿಟ್ಟಿಗೆ ಹಣ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿ: ಇದರ ಭಾಗಗಳು ಹತ್ತು ವರ್ಷದ ನಂತರ ಎಲ್ಲಿ ಸಿಗುತ್ತವೆ? ಇಡೀ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕು ನನ್ನ ಊರಿನಲ್ಲಿ ಯಾರಿದ್ದಾರೆ? ಬದಲಾದ ವಿವರ ನನ್ನ ಆರ್‌ಸಿಯಲ್ಲಿ ದಾಖಲಾಗುತ್ತದೆಯೇ? ಮೂರಕ್ಕೂ ಒಪ್ಪುವಂಥ ಉತ್ತರ ಸಿಕ್ಕರೆ ಮುಂದುವರಿಯಿರಿ. ಸಿಗದಿದ್ದರೆ ಆ ಗಾಡಿ ಎಷ್ಟೇ ಗಟ್ಟಿಯಾಗಿದ್ದರೂ ಮೊದಲ ದೊಡ್ಡ ರಿಪೇರಿಯವರೆಗೆ ಮಾತ್ರ ನಿಮ್ಮ ಜೊತೆಗಿರುತ್ತದೆ.